ಕುಟ್ಟಾಣಿಯ ಮೇಲೆ ಮೂರು ಟನ್

ನಮ್ಮ ಅತ್ತೆಗೂ ಅವರ ತಂಗಿಗೂ ಜಗಳವಾಡಲು ಕಾರಣ ಬೇಕಾಗಿಲ್ಲ, ಕೂರಲು ಜಾಗ ಸಿಕ್ಕರೆ ಸಾಕು. ಇಬ್ಬರ ಮನೆಯೂ ಅಕ್ಕಪಕ್ಕದ ಬೀದಿಯಲ್ಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಚಿಕ್ಕತ್ತೆ ನಮ್ಮ ಅಡುಗೆಮನೆಗೆ ಬರುತ್ತಾರೆ, ಸ್ಟೂಲಿನ ಮೇಲೆ ಕೂರುತ್ತಾರೆ, ಐದು ನಿಮಿಷದೊಳಗೆ ಯಾವುದಾದರೂ ಒಂದಕ್ಕೆ ಕಿಡಿ ಹತ್ತಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ತಮ್ಮ ಮನೆಯ ಬಾಗಿಲಿಗೆ ಹಸಿರು ಬಣ್ಣವಿತ್ತೋ ನೀಲಿ ಬಣ್ಣವಿತ್ತೋ ಎಂಬುದಕ್ಕೆ ಇಬ್ಬರೂ ಒಂದು ತಿಂಗಳು ಮಾತು ಬಿಟ್ಟಿದ್ದರು. ಆ ಬಾಗಿಲು ಈಗ ಇಲ್ಲ. ಆ ಮನೆಯೂ ಇಲ್ಲ.

ಈ ಸಲದ ವಿಷಯ ಕುಟ್ಟಾಣಿ. ಅವರ ತಾಯಿ ತೀರಿಕೊಳ್ಳುವ ಮುಂಚೆ, ಮನೆಯಲ್ಲಿದ್ದ ಎರಡು ಎರಕದ ಕಬ್ಬಿಣದ ಕುಟ್ಟಾಣಿಗಳನ್ನು ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ಕೊಟ್ಟಿದ್ದರು. ಒಂದೇ ಎತ್ತರ, ಒಂದೇ ಕಪ್ಪು, ತಳವೂ ಒಂದೇ ರೀತಿ ದಪ್ಪ, ಚಪ್ಪಟೆ. ಮೆಣಸು ಕುಟ್ಟುವಾಗ ಬರುವ ಸದ್ದು ಮಾತ್ರ ಬೇರೆ ಬೇರೆ ಎಂದು ಇಬ್ಬರೂ ಹೇಳುತ್ತಾರೆ. ನನ್ನ ಕಿವಿಗಂತೂ ಎರಡೂ ಒಂದೇ ತಲೆನೋವು.

"ಗಟ್ಟಿ ಇರೋದನ್ನ ಅಮ್ಮ ನನಗೇ ಕೊಟ್ಟಿದ್ದು. ದೊಡ್ಡ ಮಗಳು ಅಂತ," ಎಂದರು ಅತ್ತೆ.

"ನಿನಗೆ ಕೊಟ್ಟಿದ್ದು ಮೆತ್ತಗಿರೋದು ಅಕ್ಕ. ನೀನು ಬೇಜಾರು ಮಾಡ್ಕೋತೀಯ ಅಂತ ಅಮ್ಮ ಬಾಯಿ ಬಿಡಲಿಲ್ಲ ಅಷ್ಟೆ," ಎಂದರು ಚಿಕ್ಕತ್ತೆ.

"ನಲವತ್ತು ವರ್ಷ ಕುಟ್ಟಿದೀನಿ. ಒಂದು ಗೀರು ತೋರ್ಸು ನೋಡೋಣ."

"ಕುಟ್ಟಿದ್ರೆ ತಾನೆ ಗೀರು ಬೀಳೋದು? ನೀನು ಎಲ್ಲಾ ಪುಡೀನೂ ಅಂಗಡಿಯಿಂದ ತರ್ತೀಯಲ್ಲ!"

ಅಂಗಡಿ ಪುಡಿ ಎಂಬ ಮಾತು ಅತ್ತೆಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತರು. ಆಮೇಲೆ, ಅದೇನು ಹೊಳೆಯಿತೋ, ಅಕ್ಕತಂಗಿ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಪಾತ್ರೆ ಒರೆಸುತ್ತಿದ್ದ ನಾನು ಆಗಲೇ ಹಿತ್ತಲಿಗೆ ಜಾರಿಕೊಂಡಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

"ನೀನು ದಿನಾ ಮಾಡೋದು ಇದೇ ಕೆಲಸ ಅಲ್ವೇನೇ?" ಎಂದರು ಅತ್ತೆ. "ಕಬ್ಬಿಣ ಎಷ್ಟು ಗಟ್ಟಿ ಅಂತ ಅಳೆಯೋದು?"

"ಅದು ಪಂಪಿನ ಕಬ್ಬಿಣಕ್ಕೆ ಅತ್ತೆ. ಕುಟ್ಟಾಣಿಗಲ್ಲ."

"ಕಬ್ಬಿಣ ಅಂದ್ಮೇಲೆ ಕಬ್ಬಿಣ. ತಗೊಂಡು ಹೋಗು ಎರಡನ್ನೂ. ಇವಳ ಬಾಯಿ ಮುಚ್ಚಿಸ್ಬೇಕು."

"ಹೂಂ, ತಗೊಂಡು ಹೋಗಮ್ಮ," ಎಂದರು ಚಿಕ್ಕತ್ತೆ. "ಯಾರ ಬಾಯಿ ಮುಚ್ಚುತ್ತೋ ನೋಡೇಬಿಡೋಣ."

ನನ್ನ ಕೆಲಸ ಏನೆಂದು ಎರಡು ಮಾತು ಹೇಳಿಬಿಡುತ್ತೇನೆ. ನಮ್ಮದು ನೀರಿನ ಪಂಪಿನ ಒಡಲನ್ನು ಎರಕ ಹೊಯ್ಯುವ ಕಾರ್ಖಾನೆ. ಅಲ್ಲಿ ನಾನು ಗಡಸುತನ ಅಳೆಯುವವಳು. ನನ್ನ ಯಂತ್ರ ನನ್ನಷ್ಟೇ ಎತ್ತರ, ಹಸಿರು ಬಣ್ಣ, ಸ್ವಭಾವವೂ ನನ್ನದೇ: ಒತ್ತಿ ಹಿಡಿದರೆ ಬಿಡುವುದಿಲ್ಲ. ಅದರ ಮೂತಿಯಲ್ಲಿ ಬಟಾಣಿಗಿಂತ ತುಸು ದೊಡ್ಡದಾದ ಒಂದು ಉಕ್ಕಿನ ಗುಂಡು ಇರುತ್ತದೆ. ಆ ಗುಂಡನ್ನು ಯಂತ್ರ ಮೂರು ಟನ್ ಭಾರದಲ್ಲಿ ಕಬ್ಬಿಣದ ಮೇಲೆ ಒತ್ತುತ್ತದೆ. ಹದಿನೈದು ಎಣಿಸಿ ಬಿಟ್ಟರೆ ಕಬ್ಬಿಣದಲ್ಲಿ ಒಂದು ದುಂಡು ಕುಳಿ ಬಿದ್ದಿರುತ್ತದೆ. ಅದರ ಅಗಲವನ್ನು ಗೆರೆಗಳಿರುವ ಭೂತಗನ್ನಡಿಯಲ್ಲಿ ನೋಡಿ, ಗೋಡೆಯ ಮೇಲಿನ ಪಟ್ಟಿಯಲ್ಲಿ ಹುಡುಕಿದರೆ ಒಂದು ಅಂಕಿ ಸಿಗುತ್ತದೆ. ಕುಳಿ ಅಗಲವಾದರೆ ಕಬ್ಬಿಣ ಮೆತ್ತಗೆ, ಕಿರಿದಾದರೆ ಗಡಸು. ನಮ್ಮ ಪಂಪಿಗೆ ಬೇಕಾದದ್ದು ನೂರ ಎಂಬತ್ತರಿಂದ ಇನ್ನೂರ ಇಪ್ಪತ್ತರ ನಡುವಿನ ಅಂಕಿ. ಅದಕ್ಕಿಂತ ಮೆತ್ತಗಾದರೆ ಪಂಪು ಬೇಗ ಸವೆಯುತ್ತದೆ, ಗಡಸಾದರೆ ತೂತು ಕೊರೆಯುವಾಗ ಬೈರಿಗೆ ಮುರಿಯುತ್ತದೆ.

ಆ ಕಬ್ಬಿಣವನ್ನು ಕರಗಿಸುವವರು ನನ್ನ ಮಾವ. ಮೂವತ್ತೊಂದು ವರ್ಷದಿಂದ ಕುಲುಮೆಯ ಮೇಸ್ತ್ರಿ. ಗುಜರಿ ಎಷ್ಟು, ಕೋಕ್ ಕಲ್ಲಿದ್ದಲು ಎಷ್ಟು, ಉಕ್ಕಿನ ಚೂರು ಎಷ್ಟು, ಎಲ್ಲಾ ಅವರ ಕೈಯ ಅಂದಾಜು. ಪ್ರತಿ ಕರಗಿಗೂ, ಅಂದರೆ ಒಂದೊಂದು ಸಲ ಕರಗಿಸಿದ ಕಬ್ಬಿಣಕ್ಕೂ, ಒಂದು ಪುಟ್ಟ ಬೆಣೆಯಾಕಾರದ ತುಂಡು ಹೊಯ್ದು, ತಣಿಸಿ, ಸುತ್ತಿಗೆಯಿಂದ ಮುರಿದು ಒಳಗಿನ ಬಣ್ಣ ನೋಡುತ್ತಾರೆ. ತುದಿ ಬೆಳ್ಳಗಿದ್ದಷ್ಟೂ ಗಡಸು, ಬೂದಿಬಣ್ಣವಿದ್ದಷ್ಟೂ ಮೆದು. ಅವರು ನೋಡಿ "ಸರಿ ಇದೆ" ಎಂದ ಕರಗಿಗೆ ನನ್ನ ಯಂತ್ರ ಎರಡು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಮಗ ವಾರಗಟ್ಟಲೆ ಲಾರಿ ಓಡಿಸಿಕೊಂಡು ಹೊರಗೇ ಇರುತ್ತಾನೆ, ಸೊಸೆ ಮನೆಯಲ್ಲಿ ಕೂತು ಅತ್ತೆ ಚಿಕ್ಕತ್ತೆಯರ ನಡುವೆ ಅರೆದುಹೋಗುವುದು ಬೇಡ ಎಂದು ನನ್ನನ್ನು ಕಾರ್ಖಾನೆಗೆ ಸೇರಿಸಿದವರೂ ಅವರೇ.

ಸೋಮವಾರ ಬೆಳಿಗ್ಗೆ ಎರಡೂ ಕುಟ್ಟಾಣಿಗಳನ್ನು ಚೀಲಕ್ಕೆ ತುಂಬಿಕೊಂಡು ಮಾವನ ಜೊತೆ ಬಸ್ಸು ಹತ್ತಿದೆ. ಬಸ್ಸು ಕುಲುಕಿದಾಗಲೆಲ್ಲ ಚೀಲ ಸದ್ದು ಮಾಡುತ್ತಿತ್ತು.

"ಏನಮ್ಮ ಅದು?" ಎಂದರು ಮಾವ.

"ಊಟದ ಡಬ್ಬಿ ಮಾವ."

ಮಾವ ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಿಧಾನವಾಗಿ ಊಟ ಮಾಡು," ಎಂದು ಕಿಟಕಿಯ ಕಡೆ ತಿರುಗಿಕೊಂಡರು.

ಸುಳ್ಳು ಹೇಳಲು ಕಾರಣವಿತ್ತು. ಹೊರಗಿನ ಯಾವ ವಸ್ತುವನ್ನೂ ಯಂತ್ರಕ್ಕೆ ಕೊಡತಕ್ಕದ್ದಲ್ಲ ಎಂದು ನನ್ನ ಕೋಣೆಯ ಗೋಡೆಯ ಮೇಲೆ ಬರೆದು ಅಂಟಿಸಿದೆ. ಅಂಟಿಸಿದವರು ಮ್ಯಾನೇಜರು. ಅವರಿಗೆ ನಾವೆಲ್ಲ ಇಟ್ಟಿರುವ ಹೆಸರು ಲಿಖಿತ ಸಾಹೇಬರು. ಬೆಂಕಿ ಬಿದ್ದಿದೆ ಎಂದು ಓಡಿ ಬಂದವರಿಗೂ "ಲಿಖಿತವಾಗಿ ಕೊಡಿ" ಎನ್ನುವ ಪೈಕಿ.

ಊಟದ ಗಂಟೆ ಹೊಡೆದು ಎಲ್ಲರೂ ಕೈ ತೊಳೆಯಲು ಹೋದಾಗ ನಾನು ಕೋಣೆಯ ಬಾಗಿಲು ಹಾಕಿಕೊಂಡೆ. ಮೊದಲು ಅತ್ತೆಯ ಕುಟ್ಟಾಣಿ. ಬೋರಲು ಹಾಕಿ, ತಳವನ್ನು ಸ್ವಲ್ಪ ಉಜ್ಜಿ ಹೊಳಪು ಬರಿಸಿ, ಯಂತ್ರದಡಿ ಇಟ್ಟೆ. ಗುಂಡು ಇಳಿಯಿತು. ಹದಿನೈದು ಎಣಿಸಿದೆ. ಬಿಟ್ಟು ನೋಡಿದರೆ ಕುಳಿ ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಅಳೆದೆ. ಅಂಥ ಅಳತೆ ಗೋಡೆಯ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿ ಮುಗಿದ ಮೇಲೂ ಅತ್ತೆಯ ಕುಟ್ಟಾಣಿ ಮೇಲಕ್ಕೆ ಹೋಗುತ್ತಲೇ ಇತ್ತು.

ಹಳೆಯ ಕಾಲದಲ್ಲಿ ಯಾರೋ ಪುಣ್ಯಾತ್ಮ ಆ ತಳವನ್ನು ತಣ್ಣನೆಯ ಕಬ್ಬಿಣದ ಹಲಗೆಯ ಮೇಲೆ ಹೊಯ್ದಿರಬೇಕು. ಬಿಸಿ ಎರಕ ಅಷ್ಟು ಬೇಗ ತಣ್ಣಗಾದರೆ ಒಳಗೆಲ್ಲ ಬೆಳ್ಳಗಾಗಿ ಗಾಜಿನಷ್ಟು ಗಡಸಾಗುತ್ತದೆ. ಅಂಥದ್ದರ ಮೇಲೆ ನಮ್ಮ ಗುಂಡನ್ನು ಒತ್ತಿದರೆ ಗುಂಡೇ ಚಪ್ಪಟೆಯಾಗುತ್ತದೆ ಎಂದು ಪುಸ್ತಕದಲ್ಲಿದೆ. ಪುಸ್ತಕ ಕಪಾಟಿನಲ್ಲಿದೆ. ಕಪಾಟಿನ ಬಾಗಿಲಿಗೆ ಒರಗಿಸಿ ನಾನು ನನ್ನ ಕೊಡೆ ಇಡುತ್ತೇನೆ.

ಆಮೇಲೆ ಚಿಕ್ಕತ್ತೆಯ ಕುಟ್ಟಾಣಿ ಇಟ್ಟೆ. ಇನ್ನೂರ ಹದಿನೇಳು. ಒಳ್ಳೆಯ ಮನೆತನದ ಅಂಕಿ, ಆದರೆ ಅತ್ತೆಯದರ ಮುಂದೆ ಏನೂ ಅಲ್ಲ.

ಸಂಜೆ ಮನೆಗೆ ಬಂದಾಗ ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಎರಡೂ ಸಮ ಎಂದುಬಿಡೋಣವೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಆದರೆ ಐದು ವರ್ಷದಿಂದ ಕಂಡ ಅಂಕಿಯನ್ನೇ ಬರೆಯುವ ಅಭ್ಯಾಸ. ಬಾಯಿ ತನ್ನಷ್ಟಕ್ಕೆ ನಿಜ ಹೇಳಿಬಿಟ್ಟಿತು. ಅತ್ತೆ ಆ ಕ್ಷಣಕ್ಕೆ ಇಪ್ಪತ್ತು ವರ್ಷ ಚಿಕ್ಕವರಾದರು. ಚಿಕ್ಕತ್ತೆ ತಮ್ಮ ಕುಟ್ಟಾಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋದರು. ಅತ್ತೆ ರಾತ್ರಿಯೊಳಗೆ ಹಾಲಿನವಳಿಗೆ, ದರ್ಜಿಗೆ, ಎದುರುಮನೆಯ ಮೇಷ್ಟ್ರ ಹೆಂಡತಿಗೆ ಸುದ್ದಿ ಮುಟ್ಟಿಸಿದರು. "ಮೆಷಿನ್ನೇ ಸೋತು ಹೋಯ್ತಂತೆ!" ಎಂದು ಅವರು ಹೇಳುವುದು ಕಿಟಕಿಯಿಂದ ಕೇಳಿಸಿತು. ಅದೊಂದು ಮಾತು ನೂರಕ್ಕೆ ನೂರು ನಿಜವಾಗಿತ್ತು, ಆದರೆ ಆಗ ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಅಷ್ಟರಲ್ಲಿ ಎಡವಟ್ಟು ಶುರುವಾಗಿತ್ತು. ಸೋಮವಾರ ಬೆಳಗಿನ ಕರಗಿಗೆ ನೂರ ತೊಂಬತ್ತೆಂಟು ಬಂದಿತ್ತು. ಮಧ್ಯಾಹ್ನದ ಕರಗಿಗೆ ನೂರ ಅರವತ್ತೈದು. ಮತ್ತೊಮ್ಮೆ ಒತ್ತಿ ನೋಡಿದೆ, ನೂರ ಅರವತ್ತಮೂರು. ಗುಂಡು ಕಣ್ಣಿಗೆ ಮೊದಲಿನಂತೆಯೇ ದುಂಡಗೆ ಫಳಫಳ ಹೊಳೆಯುತ್ತಿತ್ತು, ನನಗೆ ಯಾವ ಅನುಮಾನವೂ ಬರಲಿಲ್ಲ. ಎಂದಿನಂತೆ ಚೀಟಿ ಬರೆದು ಮಾವನಿಗೆ ಕಳಿಸಿದೆ. ಮಾವ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಂಗಳವಾರದ ಕರಗಿಗೆ ಉಕ್ಕಿನ ಚೂರು ಹೆಚ್ಚು ಹಾಕಿಸಿದರು. ಉಕ್ಕು ಹೆಚ್ಚಾದರೆ ಎರಕ ಗಡಸಾಗುತ್ತದೆ.

ಮಂಗಳವಾರವೂ ನೂರ ಎಪ್ಪತ್ತು ದಾಟಲಿಲ್ಲ.

ಕಾರ್ಖಾನೆಯಲ್ಲಿ ಪ್ರತಿಯೊಬ್ಬನೂ ತಜ್ಞನಾದ. ಅಚ್ಚು ಮಾಡುವವರು ಮರಳಿನ ಮೇಲೆ ತಪ್ಪು ಹೇಳಿದರು. ಮರಳು ಜರಡಿ ಹಿಡಿಯುವವರು ನೀರಿನ ಮೇಲೆ ಹೇಳಿದರು. ಕಾವಲುಗಾರ, ಗುಜರಿಯಲ್ಲಿ ಯಾರೋ ಒಂದು ಹಳೆಯ ಸ್ನಾನದ ತೊಟ್ಟಿ ಹಾಕಿದ್ದನ್ನು ತಾನು ಕಣ್ಣಾರೆ ಕಂಡೆ, ನೀರಲ್ಲಿ ನೆನೆದ ಕಬ್ಬಿಣ ಗಟ್ಟಿ ಎಲ್ಲಿಂದ ಆಗಬೇಕು ಎಂದ. ಲಿಖಿತ ಸಾಹೇಬರು ಎಲ್ಲರ ಅಭಿಪ್ರಾಯವನ್ನೂ ಲಿಖಿತವಾಗಿ ತೆಗೆದುಕೊಂಡು, ಹೊಸ ಫೈಲು ತೆರೆದು, ಅದರ ಮೇಲೆ 'ಮೆತ್ತಗೆ' ಎಂದು ಬರೆದರು.

ಮಾವ ಮಾತ್ರ ಯಾರ ಮೇಲೂ ಹೇಳಲಿಲ್ಲ. ಬೆಣೆಯ ತುಂಡು ಮುರಿದು ನೋಡಿದರೆ ಅದು ಎಂದಿಗಿಂತ ಬೆಳ್ಳಗೆ ಕಾಣುತ್ತಿತ್ತು. ಬೆಳ್ಳಗಿದ್ದರೆ ಗಡಸಾಗಿರಬೇಕು. ಸೊಸೆಯ ಚೀಟಿಯಲ್ಲಿ ನೋಡಿದರೆ ಮೆತ್ತಗೆ. ಹಾಗಾದರೆ ತಪ್ಪು ಕಣ್ಣಿನದೇ ಎಂದು ತೀರ್ಮಾನಿಸಿ, ಬುಧವಾರ ಅರ್ಧ ದಿನ ರಜ ಹಾಕಿ ಕನ್ನಡಕ ಮಾಡಿಸಲು ಹೋದರು. ಅವರ ಜೀವಮಾನದಲ್ಲೇ ಅದು ಮೊದಲ ಅರ್ಧ ದಿನ ರಜ. ಒಂದು ದಪ್ಪ ಕಪ್ಪು ಕಟ್ಟಿನ ಕನ್ನಡಕ ಹಾಕಿಕೊಂಡು ಬಂದು, ಹೊಸ ತುಂಡು ಮುರಿದು ನೋಡಿದರು. ಈಗ ಅದು ಮೊದಲಿಗಿಂತಲೂ ಸ್ಪಷ್ಟವಾಗಿ ಬೆಳ್ಳಗೆ ಕಾಣಿಸಿತು.

ಆ ಸಂಜೆ ಮಾವ ತಟ್ಟೆಯ ಮುಂದೆ ಕನ್ನಡಕ ಹಾಕಿಕೊಂಡೇ ಕೂತರು.

"ನನ್ನ ಕೈ ಹೋಯ್ತು ಕಣೇ," ಎಂದರು ಅತ್ತೆಗೆ.

"ಎಲ್ಲಿಗೆ ಹೋಯ್ತು? ತಟ್ಟೇಲೇ ಇದೆಯಲ್ಲ," ಎಂದರು ಅತ್ತೆ.

"ತಮಾಷೆ ಅಲ್ಲ. ಮೂವತ್ತೊಂದು ವರ್ಷ ಒಲಿದಿದ್ದ ಕುಲುಮೆ ಈಗ ನನ್ನ ಮಾತು ಕೇಳ್ತಾ ಇಲ್ಲ. ಕಣ್ಣಿಗೆ ಒಂದು ಕಾಣ್ಸುತ್ತೆ, ಲೆಕ್ಕ ಇನ್ನೊಂದು ಹೇಳುತ್ತೆ. ನಾಳೆ ಯಾವನದೋ ಪಂಪು ಸವೆದು ಹೋದ್ರೆ ನನ್ನ ಹೆಸರಿಗೆ ತಾನೇ ಬರೋದು? ಮರ್ಯಾದೆಯಾಗಿ ಬಿಟ್ಬಿಡ್ತೀನಿ. ಶನಿವಾರವೇ ಕೊನೆ."

ಅತ್ತೆ ಸೌಟು ಕೆಳಗಿಟ್ಟರು. ಮಾವ ಒಳಗೆ ಹೋದ ಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಅವರು ಕುಲುಮೆ ಬಿಟ್ರೆ ಬದುಕೋದಿಲ್ಲ ಕಣೇ. ಆಮೇಲೆ ಇನ್ನೊಂದು, ದಿನವೆಲ್ಲ ಮನೇಲಿ ಕೂತ್ರೆ ನಾನೂ ಬದುಕೋದಿಲ್ಲ. ನಿನ್ನ ಮೆಷಿನ್ನಿಗೆ ಒಂದು ಮಾತು ಹೇಳಬಾರ್ದಾ?"

ಮಾವ ಮನೆಯಲ್ಲಿ ಹೆಚ್ಚು ಮಾತಾಡುವವರಲ್ಲ. ಕುಲುಮೆಯ ಮುಂದೆ ನಿಂತಾಗ ಮಾತ್ರ ಅವರ ಮುಖ ನೋಡಬೇಕು, ಯಾರೋ ಹಳೆಯ ಗೆಳೆಯ ಸಿಕ್ಕಿದಂತೆ ಇರುತ್ತದೆ. ಅದನ್ನು ಅವರಿಂದ ಕಿತ್ತುಕೊಳ್ಳುತ್ತಿರುವುದು ನನ್ನ ಚೀಟಿ ಎಂದು ಸಂಕಟವಾಯಿತು. ಆದರೆ ಚೀಟಿಯಲ್ಲಿದ್ದದ್ದು ನಾನು ಕಂಡ ಅಂಕಿಯೇ. ಏನು ಮಾಡಲಿ?

ಗುರುವಾರ ಬೆಳಿಗ್ಗೆ ಬೈರಿಗೆಯಣ್ಣ ನನ್ನ ಕೋಣೆಗೆ ನುಗ್ಗಿದ. ತೂತು ಕೊರೆಯುವ ವಿಭಾಗದ ಮುಖ್ಯಸ್ಥನಿಗೆ ಬೇರೆ ಯಾವ ಹೆಸರೂ ಹೊಂದುತ್ತಿರಲಿಲ್ಲ. ಆಳು ಉದ್ದ, ತೆಳ್ಳಗೆ, ಸದಾ ಗಿರ್ರನೆ ತಿರುಗುತ್ತಲೇ ಇರುತ್ತಾನೆ. ಕೈಯಲ್ಲಿ ಮುರಿದ ಬೈರಿಗೆಗಳ ಒಂದು ಕಟ್ಟು.

"ಏನಮ್ಮ ತಾಯಿ, ಕಬ್ಬಿಣ ಮೆತ್ತಗಿದೆ ಅಂತ ಬರೀತಾ ಇದೀಯಂತೆ?"

"ಹೌದಣ್ಣ. ನೂರ ಎಪ್ಪತ್ತೂ ಇಲ್ಲ."

"ಮೆತ್ತಗಿದ್ರೆ ಇವೆಲ್ಲ ಯಾಕೆ ಮುರಿದ್ವು? ಎರಡು ದಿನಕ್ಕೆ ಹನ್ನೆರಡು! ನಿನ್ನೆ ಹೊಯ್ದ ಪಂಪಿನ ಮೇಲೆ ಬೈರಿಗೆ ಇಟ್ರೆ ಕಿರ್ರ್ ಅಂತ ಕಿರುಚಿಕೊಳ್ತು, ಗೀರೂ ಬೀಳ್ಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಕೊರೀತಾ ಇದೀನಿ, ಇಷ್ಟು ದರಿದ್ರ ಗಟ್ಟಿ ಕಬ್ಬಿಣ ನೋಡೇ ಇಲ್ಲ!"

ಅವನು ಕಟ್ಟನ್ನು ಮೇಜಿನ ಮೇಲೆ ಧಡ್ ಎಂದು ಬಿಸಾಕಿ ಹೋದ. ನಾನು ಆ ಮುರಿದ ಬೈರಿಗೆಗಳನ್ನೇ ನೋಡುತ್ತ ಕೂತೆ. ಮಾವನ ಕಣ್ಣು ಗಡಸು ಎನ್ನುತ್ತಿದೆ. ಬೈರಿಗೆ ಗಡಸು ಎನ್ನುತ್ತಿದೆ. ಮೆತ್ತಗೆ ಎನ್ನುತ್ತಿರುವುದು ಇಡೀ ಕಾರ್ಖಾನೆಯಲ್ಲಿ ನನ್ನ ಯಂತ್ರ ಒಂದೇ. ಅದೂ ಯಾವಾಗಿನಿಂದ? ಸೋಮವಾರ ಊಟದ ಹೊತ್ತಿನಿಂದ. ಕೊಡೆಯನ್ನು ಸರಿಸಿ, ಕಪಾಟು ತೆಗೆದು, ಪುಸ್ತಕ ತೆರೆದೆ.

ಯಂತ್ರ ಸರಿಯಾಗಿದೆಯೇ ಎಂದು ನೋಡಲು ಒಂದು ದಪ್ಪ ಲೋಹದ ಗುರುತಿನ ಬಿಲ್ಲೆ ಇರುತ್ತದೆ. ಅದರ ಗಡಸುತನ ಇಷ್ಟೇ ಎಂದು ಅದರ ಮೇಲೆಯೇ ಕೊರೆದಿರುತ್ತಾರೆ. ನಮ್ಮದರ ಮೇಲೆ ಇರುವುದು ಇನ್ನೂರು. ವಾರಕ್ಕೊಮ್ಮೆ ಅದನ್ನು ಅಳೆದು ನೋಡಬೇಕು. ನಾನು ನೋಡುತ್ತಿರಲಿಲ್ಲ, ಏಕೆಂದರೆ ಆ ಬಿಲ್ಲೆ ಹೊಳೆಯುತ್ತದೆ, ಭಾರವಾಗಿದೆ ಎಂದು ಲಿಖಿತ ಸಾಹೇಬರು ಒಂದು ವರ್ಷದಿಂದ ಅದನ್ನು ತಮ್ಮ ಮೇಜಿನ ಕಾಗದಗಳ ಮೇಲೆ ಇಟ್ಟುಕೊಂಡಿದ್ದರು. ಕೇಳಿದರೆ "ಲಿಖಿತವಾಗಿ ಕೊಡು" ಎನ್ನುತ್ತಿದ್ದರು. ಕೊಟ್ಟರೆ ಆ ಕಾಗದವನ್ನೂ ಅದೇ ಬಿಲ್ಲೆಯ ಕೆಳಗೆ ಇಡುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಅವರು ಚಹಾಕ್ಕೆ ಎದ್ದು ಹೋದ ಹೊತ್ತು ನೋಡಿ ಒಳಗೆ ಹೋಗಿ ಬಿಲ್ಲೆ ಎತ್ತಿದೆ. ಕೆಳಗಿನ ಕಾಗದದ ಮೇಲೆ ಮಾವನ ಅಕ್ಷರ. ಏಳೇ ಮಾತು. 'ಕಣ್ಣು, ಕೈ ಎರಡೂ ಹೋಗಿವೆ. ಶನಿವಾರದ ನಂತರ ಬರುವುದಿಲ್ಲ.' ಕೆಳಗೆ ಸಹಿ. ಮೂಲೆಯಲ್ಲಿ ಲಿಖಿತ ಸಾಹೇಬರು ಕೆಂಪು ಶಾಯಿಯಲ್ಲಿ 'ಸ್ವೀಕರಿಸಿದೆ' ಎಂದು ಬರೆದಿದ್ದರು. ನನಗೆ ಅಳು ಒತ್ತರಿಸಿ ಬಂತು. ಆದರೆ ಅಳುತ್ತ ನಿಲ್ಲಲು ಪುರುಸೊತ್ತಿರಲಿಲ್ಲ, ಬಿಲ್ಲೆಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಓಡಿದೆ.

ಇನ್ನೂರು ಇರಬೇಕಾದ ಬಿಲ್ಲೆ ನನ್ನ ಯಂತ್ರದಲ್ಲಿ ನೂರ ಇಪ್ಪತ್ತೆಂಟು ತೋರಿಸಿತು.

ಗುಂಡನ್ನು ಬಿಚ್ಚಿ ಭೂತಗನ್ನಡಿಯಡಿ ಇಟ್ಟೆ. ಬುಡದಲ್ಲಿ ಒಂದು ಪುಟ್ಟ ಚಪ್ಪಟೆ ಜಾಗ. ಅಲ್ಲಿ ಅತ್ತೆಯ ಕುಟ್ಟಾಣಿ ತನ್ನ ಸಹಿ ಹಾಕಿತ್ತು, ಆಮೇಲಿನ ಗಡಸು ಕಬ್ಬಿಣ ಅದನ್ನು ದಿನದಿನಕ್ಕೂ ಅಗಲ ಮಾಡಿತ್ತು. ಚಪ್ಪಟೆ ಗುಂಡು ಒತ್ತಿದ ಕುಳಿ ಅಗಲವಾಗದೆ ಇನ್ನೇನಾದೀತು? ಚಿಕ್ಕತ್ತೆಯ ಕುಟ್ಟಾಣಿ, ಐದು ದಿನದ ಕಬ್ಬಿಣ, ಎಲ್ಲಕ್ಕೂ ನಾನು ಸುಳ್ಳು ಅಂಕಿ ಬರೆದಿದ್ದೆ. ಅದನ್ನು ನಂಬಿ ಮಾವ ಉಕ್ಕಿನ ಮೇಲೆ ಉಕ್ಕು ಹಾಕಿಸಿ, ಚೆನ್ನಾಗಿದ್ದ ಕಬ್ಬಿಣವನ್ನು ಕಲ್ಲು ಮಾಡಿದ್ದರು.

ಹೊಸ ಗುಂಡು ಲಿಖಿತ ಸಾಹೇಬರ ಬೀರುವಿನಲ್ಲಿತ್ತು. ಅದನ್ನು ಕೇಳಲು ಹೋದರೆ ಏನು ನಡೆಯುತ್ತದೆಂದು ಗೊತ್ತಿತ್ತು, ಅದೇ ನಡೆಯಿತು. ಸಾಹೇಬರು ಚಪ್ಪಟೆ ಗುಂಡನ್ನು ಅಂಗೈಯಲ್ಲಿಟ್ಟುಕೊಂಡು, ಕುಲುಮೆಯ ಮುಂದೆ ಎಲ್ಲರನ್ನೂ ಸೇರಿಸಿದರು. ಮಾವ, ಬೈರಿಗೆಯಣ್ಣ, ಅಚ್ಚಿನವರು, ಮರಳಿನವರು, ಸ್ನಾನದ ತೊಟ್ಟಿಯ ಕಾವಲುಗಾರ.

"ಗುಂಡು ಚಪ್ಪಟೆಯಾಗಿದೆ," ಎಂದರು ಸಾಹೇಬರು. "ಹೇಗಾಯ್ತು?"

ತನ್ನಷ್ಟಕ್ಕೆ ಸವೆದಿದೆ ಸಾರ್, ಹಳೆಯದಲ್ಲವೇ ಎಂದು ಹೇಳುವುದು ಎಷ್ಟು ಸುಲಭವಿತ್ತು. ನಾಲಗೆಯ ತುದಿಗೇ ಬಂದಿತ್ತು. ಮಾವನ ಹೆಸರೂ ಉಳಿಯುತ್ತಿತ್ತು, ನನ್ನ ಕೆಲಸವೂ ಉಳಿಯುತ್ತಿತ್ತು. ಅಷ್ಟರಲ್ಲಿ ಮಾವ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡು ಮುಂದೆ ಬಂದರು.

"ನನ್ನದೇ ತಪ್ಪು ಸಾರ್," ಎಂದರು. "ಉಕ್ಕು ಸುರಿದು ಸುರಿದು ಕಬ್ಬಿಣಾನ ಕಲ್ಲು ಮಾಡಿದೀನಿ. ಅದನ್ನ ಒತ್ತಿ ಒತ್ತಿ ಗುಂಡು ಹಾಳಾಗಿದೆ. ಹುಡುಗಿ ಏನ್ ಮಾಡ್ತಾಳೆ ಪಾಪ."

ಆಗ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಹೇಳಲಾರೆ. ಮಾವನ ಮೇಲೂ ಬಂತು. ಐದು ದಿನದಿಂದ ಕಂಡಕಂಡದ್ದಕ್ಕೆಲ್ಲ ತಮ್ಮನ್ನೇ ಗುರಿ ಮಾಡಿಕೊಳ್ಳುತ್ತಿದ್ದಾರಲ್ಲ, ಈ ಮನುಷ್ಯನಿಗೆ ಬೇರೆಯವರ ಮೇಲೆ ಬೆರಳು ತೋರಿಸಲು ಬರುವುದೇ ಇಲ್ಲವೇ?

"ನಿಮ್ಮದಲ್ಲ ಮಾವ!" ಎಂದೆ. ನನ್ನ ದನಿ ಚಾವಣಿಗೆ ತಾಗಿತು. "ಅತ್ತೆಯ ಕುಟ್ಟಾಣಿ!"



"ಏನು?" ಎಂದರು ಲಿಖಿತ ಸಾಹೇಬರು.

ಹೇಳಿದೆ. ಚೀಲ, ಬಸ್ಸು, ಊಟದ ಗಂಟೆ, ಪಟ್ಟಿ ಮೀರಿದ ಅಂಕಿ, ಒಂದನ್ನೂ ಬಿಡಲಿಲ್ಲ. ಅಂಗಡಿ ಪುಡಿಯ ವಿಷಯವನ್ನೂ ಹೇಳಿದೆ, ಅದು ಬೇಕಿರಲಿಲ್ಲ, ಆದರೆ ಬಾಯಿ ಒಮ್ಮೆ ಬಿಟ್ಟರೆ ನಿಲ್ಲಿಸುವುದು ಕಷ್ಟ. ಮೊದಲು ನಕ್ಕವನು ಬೈರಿಗೆಯಣ್ಣ. ನಗುತ್ತ ನಗುತ್ತ ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟ. "ಹನ್ನೆರಡು ಬೈರಿಗೆ!" ಎನ್ನುತ್ತಿದ್ದ. "ಮೆಣಸು ಕುಟ್ಟೋದಕ್ಕೆ ಹನ್ನೆರಡು ಬೈರಿಗೆ!" ಆಮೇಲೆ ಇಡೀ ಕಾರ್ಖಾನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾವಲುಗಾರನೊಬ್ಬ ಮಾತ್ರ ಸ್ನಾನದ ತೊಟ್ಟಿಯ ವಿಷಯ ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ ಎಂದ.

ಲಿಖಿತ ಸಾಹೇಬರು ನಗಲಿಲ್ಲ. "ಇದನ್ನೆಲ್ಲ ಲಿಖಿತವಾಗಿ ಕೊಡು," ಎಂದರು. ಕೊಟ್ಟೆ. ನಾಲ್ಕು ಪುಟ. ಅವರು ಓದಿ, ಒಂದು ವಾರ ನನ್ನ ಕೋಣೆ ನಾನೇ ಗುಡಿಸಬೇಕೆಂದು ಶಿಕ್ಷೆ ಕೊಟ್ಟರು. ಐದು ವರ್ಷದಿಂದ ಗುಡಿಸುತ್ತಿರುವುದು ನಾನೇ ಎಂದು ಅವರಿಗೆ ಹೇಳಲು ಹೋಗಲಿಲ್ಲ. ಬೀರುವಿನಿಂದ ಹೊಸ ಗುಂಡು ತೆಗೆದುಕೊಟ್ಟು, ಬಿಲ್ಲೆಯನ್ನೂ ನನಗೇ ಬಿಟ್ಟರು, ಬೇರೆ ಏನಾದರೂ ಭಾರದ್ದು ತಂದುಕೊಡುವ ಷರತ್ತಿನ ಮೇಲೆ. ಹೊಸ ಗುಂಡಿನಲ್ಲಿ ಗುರುವಾರದ ಕರಗಿ ಇನ್ನೂರ ಅರವತ್ತೆರಡು ತೋರಿಸಿತು. ಮಾವನ ಕಣ್ಣು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮಾವ ಹೋಗಿ ಸಾಹೇಬರ ಮೇಜಿನಿಂದ ತಮ್ಮ ಕಾಗದ ತೆಗೆದುಕೊಂಡು ಬಂದು ಕುಲುಮೆಯ ಬಾಯಿಗೆ ಹಾಕಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತರು. ನಾಲ್ಕು ನಿಲ್ದಾಣ ದಾಟಿದರೂ ಮಾತಿಲ್ಲ. ನನಗೆ ತಡೆಯಲಾಗಲಿಲ್ಲ.

"ಬಯ್ದುಬಿಡಿ ಮಾವ."

"ಯಾಕೆ?"

"ನನ್ನಿಂದ ನಿಮಗೆ ಎಷ್ಟೊಂದು ನೋವಾಯ್ತು. ನೀವು ಸುಮ್ನಿದ್ರೆ ನನಗೆ ಇನ್ನೂ ಹಿಂಸೆ."

"ನಾನು ಬೇರೆ ಏನೋ ಯೋಚಿಸ್ತಾ ಇದ್ದೆ," ಎಂದರು ಮಾವ. "ಮರಳಿನ ಮೇಲೆ ಅನುಮಾನ ಪಟ್ಟೆ. ಕೋಕ್ ಮೇಲೆ ಪಟ್ಟೆ. ಕಣ್ಣಿನ ಮೇಲೆ ಪಟ್ಟು ಈ ದರಿದ್ರ ಕನ್ನಡಕ ತಗೊಂಡೆ. ಮೂವತ್ತೊಂದು ವರ್ಷದ ಕೈ ಮೇಲೂ ಪಟ್ಟೆ. ನಿನ್ನ ಚೀಟಿ ಮೇಲೆ ಮಾತ್ರ ಒಂದು ಸಲಾನೂ ಅನುಮಾನ ಬರ್ಲಿಲ್ಲ ನೋಡು."

"ಯಾಕೆ ಮಾವ?"

"ನೀನು ಬರೆದಿದ್ದಲ್ವಾ," ಎಂದರು, ಇದೇನು ಪ್ರಶ್ನೆ ಎಂಬಂತೆ.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಕಂಡಕ್ಟರು ಬಂದು ಮಾವನನ್ನು ಗುರಾಯಿಸಿ, "ಯಾಕ್ರೀ ಅಳಿಸ್ತೀರಿ ಹೆಣ್ಣುಮಗೂನ?" ಎಂದ. ಮಾವ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, "ತಪ್ಪಾಯ್ತಪ್ಪ," ಎಂದರು. ಅದಕ್ಕೂ ತಪ್ಪು ಒಪ್ಪಿಕೊಂಡರು.

ಮನೆಯಲ್ಲಿ ಅತ್ತೆಗೂ ಚಿಕ್ಕತ್ತೆಗೂ ವಿಷಯ ತಿಳಿಸಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅತ್ತೆ ಮೊದಲು ಮಾವನ ಮುಖ ನೋಡಿದರು, ಅದು ಎಂದಿನ ಮುಖ ಎಂದು ಖಾತ್ರಿ ಮಾಡಿಕೊಂಡು ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಂಡ ಕೈಯಿಂದಲೇ ತಂಗಿಯತ್ತ ಬೆರಳು ತೋರಿಸಿದರು.

"ಕೇಳಿದೆಯಾ? ನನ್ನ ಕುಟ್ಟಾಣಿ ಉಕ್ಕಿನ ಗುಂಡನ್ನೇ ಚಪ್ಪಟೆ ಮಾಡಿದೆ! ಒಂದು ಕಾರ್ಖಾನೇನೇ ಐದು ದಿನ ತಲೆಕೆಳಗೆ ಮಾಡಿದೆ!"

"ಮೊದ್ಲು ನಿನ್ನದನ್ನ ಇಟ್ಟಿದ್ದಕ್ಕೆ ಆಯ್ತು," ಎಂದರು ಚಿಕ್ಕತ್ತೆ. "ನನ್ನದನ್ನ ಮೊದ್ಲು ಇಟ್ಟಿದ್ರೆ ನನ್ನದು ಹತ್ತು ದಿನ ಮಾಡ್ತಿತ್ತು. ಚಪ್ಪಟೆ ಗುಂಡಲ್ಲಿ ಅಳೆದ್ರಲ್ಲ, ಅದು ಲೆಕ್ಕಕ್ಕಿಲ್ಲ. ಹೊಸ ಗುಂಡು ಬಂದಿದೆಯಂತಲ್ಲ, ಮತ್ತೆ ತಗೊಂಡು ಹೋಗಮ್ಮ."

"ನಾನು ಸತ್ತರೂ ತಗೊಂಡು ಹೋಗಲ್ಲ," ಎಂದೆ. ಹಿರಿಯರಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಇಬ್ಬರೂ ಒಂದು ಗಳಿಗೆ ಬೆಪ್ಪಾಗಿ, ಆಮೇಲೆ ನನ್ನನ್ನು ಮರೆತು ತಮ್ಮ ಪಾಡಿಗೆ ಮುಂದುವರಿಸಿದರು.

ಸೋಮವಾರ ಮಾವ ಉಕ್ಕಿನ ಚೂರನ್ನು ಹಳೆಯ ಅಳತೆಗೇ ಇಳಿಸಿ ಕರಗಿಸಿದರು. ತಣಿದ ತುಂಡನ್ನು ಎಂದೂ ಇಲ್ಲದೆ ತಾವೇ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಕನ್ನಡಕ ಇರಲಿಲ್ಲ. ಬೈರಿಗೆಯಣ್ಣ ಬಾಗಿಲಲ್ಲಿ ಇಣುಕುತ್ತಿದ್ದ.

"ನೀನು ಅಳೆಯೋಕೆ ಮುಂಚೆ ನಾನು ಹೇಳ್ತೀನಿ," ಎಂದರು ಮಾವ. ಮುರಿದ ಬೆಣೆಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ ನೋಡಿದರು. "ಇನ್ನೂರ ಐದು."

ನಾನು ಬಿಲ್ಲೆಯನ್ನು ಅಳೆದು ಯಂತ್ರ ಸರಿಯಿದೆ ಎಂದು ಮೊದಲು ಖಾತ್ರಿ ಮಾಡಿಕೊಂಡೆ. ತುಂಡನ್ನು ಇಟ್ಟೆ. ಹದಿನೈದು ಎಣಿಸಿ ಬಿಟ್ಟೆ. ಭೂತಗನ್ನಡಿಯಲ್ಲಿ ನೋಡಿದೆ, ಪಟ್ಟಿ ನೋಡಿದೆ, ಮತ್ತೆ ನೋಡಿದೆ.

"ಇನ್ನೂರ ಏಳು ಮಾವ!"

ಬೈರಿಗೆಯಣ್ಣ ಚಪ್ಪಾಳೆ ತಟ್ಟಿದ. ಮಾವ ಹುಬ್ಬು ಗಂಟಿಕ್ಕಿ ನನ್ನ ಯಂತ್ರವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಎರಡು ಜಾಸ್ತಿ ತೋರಿಸ್ತಾ ಇದೆ," ಎಂದರು. "ರಿಪೇರಿಗೆ ಬಂದಿರ್ಬೇಕು, ನೋಡ್ಸು."